ಜಾಲತಾಣದ ದಲಾಲಿಯೂ ಉಪಯುಕ್ತ ಬರಹವೂ

ಸೊಲ್ಲಾಪುರದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಪರವೂರಿನ ಬಂಧುಗಳಿಂದ ಬರುವ ಕೋರಿಕೆಗಳಲ್ಲಿ ಒಂದು ಬಹಳ ಹಳೆಯದು. “ಬರೂವಾಗ ಒಂದು ಚಾದರ ತೊಗೊಂಡು ಬಾರಪ್ಪ, ಚಲೋದು ನೋಡಿ ತಾ” ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಈ ಮಾತಿನಲ್ಲಿ ಎರಡು ಭಾಗಗಳಿವೆ. ಚಾದರ ತರುವದು ಮೊದಲನೆಯದು. ‘ಚಲೋದು ನೋಡಿ’ ತರುವದು ಎರಡನೆಯದು. ಚಾದರವು ಈಗ ಎಲ್ಲ ಊರುಗಳಲ್ಲಿಯೂ ದೊರೆಯುತ್ತದೆ; ಮೊಬೈಲಿನಲ್ಲಿ ಬೆರಳಾಡಿಸಿದರೆ ಮನೆಬಾಗಿಲಿಗೇ ಬರುತ್ತದೆ. ಆದರೂ ಬಂಧುಗಳು ನಮ್ಮನ್ನೇ ಕೇಳುವದೇಕೆ? ನಾವು ಕಂಡು ಬಲ್ಲವರು, ನಮಗೆ ಮೋಸಮಾಡಲಾರರು ಎಂಬ ನಂಬಿಗೆಯಿಂದ. ಈ ಲೇಖನದಲ್ಲಿ ನಾವು ಅಭ್ಯಾಸ ಮಾಡಬೇಕಾದ ವಿಷಯಕ್ಕೆ ಈ ನಂಬಿಗೆಯೇ ಬುನಾದಿಯಾಗಿದೆ.

ನಮ್ಮ ಪಾಲಕ ಬಂಧುಗಳಲ್ಲಿ ಕೆಲವರು ಪುಣೆ ಹೆದ್ದಾರಿಯ ಮೇಲಿನ ಚಿಂಚೋಳಿ ಎಂಐಡಿಸಿಯ ಕಾರಖಾನೆಗಳಿಗೆ ದಿನಾಲು ದುಡಿಯಲು ಹೋಗುತ್ತಾರೆ. (ಕಲಬುರ್ಗಿ ಜಿಲ್ಲೆಯ ಚಿಂಚೋಳಿ ಬೇರೆ, ಇದು ಬೇರೆ.) ಇನ್ನು ಕೆಲವರು ಅಕ್ಕಲಕೋಟ ರಸ್ತೆಯ ಮಗ್ಗಗಳ ಸದ್ದಿನಲ್ಲಿ ಆಯುಷ್ಯ ಕಳೆದವರು. ೧೮೭೭ರಲ್ಲಿ ಈ ಊರಿನಲ್ಲಿ ಮೊದಲ ನೂಲಿನ ಗಿರಣಿಯು ಏರ್ಪಟ್ಟಂದಿನಿಂದ ನೂಲು-ನೇಯ್ಗೆಗಳೇ ಸಾವಿರಾರು ಮನೆಗಳ ಅನ್ನವಾಗಿವೆ. ಅವರ ಮಕ್ಕಳು ಈಗ ಒಂದು ಹೊಸ ಉದ್ಯೋಗದ ಹೆಸರನ್ನು ಕೇಳುತ್ತಿದ್ದಾರೆ. ‘ಅಫಿಲಿಯೇಟ್ ಮಾರ್ಕೆಟಿಂಗ್’ ಎಂಬದು ಅದರ ಹೆಸರು. ಮನೆಯಲ್ಲಿ ಕುಳಿತು ಹಣ ಗಳಿಸಬಹುದೆಂದು ಕೆಲವರು ಆಶೆ ತೋರಿಸುತ್ತಾರೆ. ಇದೆಲ್ಲ ಠಕ್ಕತನವೆಂದು ಕೆಲವರು ಹೆದರಿಸುತ್ತಾರೆ. ಎರಡೂ ಮಾತುಗಳನ್ನು ಬದಿಗಿರಿಸಿ, ಅದರ ಸ್ವರೂಪವೇನು, ಅದರಲ್ಲಿ ನ್ಯಾಯವಾಗಿ ಮಾರಾಟ ಹೆಚ್ಚುವ ಬಗೆ ಯಾವದು ಎಂಬದನ್ನು ಶಾಂತಚಿತ್ತದಿಂದ ವಿಚಾರಿಸೋಣ.

ದಲಾಲಿಯ ಹೊಸ ರೂಪ

ಪೇಟೆಯಲ್ಲಿ ಅಡತಿ ಅಂಗಡಿಗಳಿರುವದನ್ನು ನೀವು ನೋಡಿದ್ದೀರಿ. ರೈತನು ಉಳ್ಳಾಗಡ್ಡಿಯ ಚೀಲಗಳನ್ನು ತಂದು ಅಲ್ಲಿ ಇಳಿಸುತ್ತಾನೆ. ಮಾಲು ಅಡತಿಯವನದಲ್ಲ, ಕೊಳ್ಳುವ ಹಣವೂ ಅವನದಲ್ಲ. ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸಿದ್ದಕ್ಕಾಗಿ ಅವನಿಗೆ ನೂರಕ್ಕೆ ಇಷ್ಟೆಂದು ದಲಾಲಿ ಸಲ್ಲುತ್ತದೆ. ಜಾಲತಾಣದ ದಲಾಲಿಯೂ ತತ್ವದಲ್ಲಿ ಇದೇ.

ಒಬ್ಬನು ತನ್ನದೇ ಒಂದು ಜಾಲತಾಣವನ್ನು ತೆರೆದು ಅದರಲ್ಲಿ ಟವೆಲ್ಲುಗಳ ಬಗ್ಗೆ ಲೇಖನ ಬರೆಯುತ್ತಾನೆಂದು ತಿಳಿಯಿರಿ. ಲೇಖನದ ನಡುವೆ ಮಾರಾಟದ ಕಂಪನಿಯೊಂದರ ಪುಟಕ್ಕೆ ಕೊಂಡಿಯನ್ನು ಇಟ್ಟಿರುತ್ತಾನೆ. ಆ ಕೊಂಡಿಯಲ್ಲಿ ಅವನ ಗುರುತಿನ ಸಂಕೇತವು ಅಡಕವಾಗಿರುತ್ತದೆ. ವಾಚಕನು ಅದನ್ನು ಒತ್ತಿ ಕಂಪನಿಯ ಪುಟಕ್ಕೆ ಹೋದಾಗ ‘ಕುಕೀ’ ಎಂಬ ಒಂದು ಸಣ್ಣ ಗುರುತು ವಾಚಕನ ಯಂತ್ರದಲ್ಲಿ ಉಳಿಯುತ್ತದೆ. ಗೊತ್ತುಪಡಿಸಿದ ಅವಧಿಯೊಳಗೆ, ಅಂದರೆ ಕೆಲವು ಕಂಪನಿಗಳಲ್ಲಿ ಒಂದು ದಿನ, ಕೆಲವುಗಳಲ್ಲಿ ಒಂದು ತಿಂಗಳು, ಆ ವಾಚಕನು ಖರೀದಿ ಮಾಡಿದರೆ ಬರೆದವನ ಲೆಕ್ಕಕ್ಕೆ ದಲಾಲಿ ಜಮೆಯಾಗುತ್ತದೆ. ಸಾಮಾನ್ಯವಾಗಿ ವಾಚಕನು ಇದಕ್ಕಾಗಿ ಹೆಚ್ಚಿನ ಬೆಲೆ ತೆರಬೇಕಾಗುವದಿಲ್ಲ. ಕಂಪನಿಯು ತನ್ನ ಲಾಭದಲ್ಲಿ ಒಂದಂಶವನ್ನು ಕೊಡುತ್ತದೆ.

ಅಮೇರಿಕೆಯಲ್ಲಿ ಸಂಗೀತದ ತಟ್ಟೆಗಳನ್ನು ಮಾರುತ್ತಿದ್ದ ಸಿಡಿನೌ ಎಂಬ ಸಂಸ್ಥೆಯು ೧೯೯೪ರಲ್ಲಿಯೇ ಇಂಥ ಏರ್ಪಾಡನ್ನು ಮಾಡಿತ್ತು. ೧೯೯೬ರಲ್ಲಿ ಅಮೆಜಾನ್ ಕಂಪನಿಯು, ಆಗ ಅದು ಪುಸ್ತಕದ ಅಂಗಡಿಯಾಗಿತ್ತು, ತನ್ನ ‘ಅಸೋಸಿಯೇಟ್ಸ್’ ಯೋಜನೆಯನ್ನು ತೆರೆದ ಮೇಲೆ ಈ ಪದ್ಧತಿಯು ಲೋಕವನ್ನೆಲ್ಲ ವ್ಯಾಪಿಸಿತು. ಅದೇ ಕಂಪನಿಯು ೨೦೧೩ರಲ್ಲಿ ಭಾರತದಲ್ಲಿ ಅಂಗಡಿ ತೆರೆಯಿತು. ಇಂದು ಭಾಷೆ ಯಾವದೇ ಇರಲಿ, ಬರೆಯಬಲ್ಲವನಿಗೆ ಈ ದಾರಿಯು ತೆರೆದಿದೆ.

ದಾರಿಯು ತೆರೆದಿರುವದು ಬೇರೆ, ಅದರಲ್ಲಿ ಜನರು ನಡೆದುಬರುವದು ಬೇರೆ. ಬರಿಯ ಕೊಂಡಿಗಳನ್ನು ಸಾಲಾಗಿ ಇಟ್ಟು “ಕೊಳ್ಳಿರಿ, ಕೊಳ್ಳಿರಿ” ಎಂದು ಕೂಗಿದರೆ ಯಾರೂ ಬರುವದಿಲ್ಲ. ವಾಚಕನಿಗೆ ಮೊದಲು ಒಂದು ಪ್ರಯೋಜನ ಆಗಬೇಕು. ಅದನ್ನು ಮಾಡಿಕೊಡುವ ಬರಹಕ್ಕೆ ನಾವು ಉಪಯುಕ್ತ ಬರಹವೆನ್ನೋಣ.

ಮೊದಲು ಉಪಕಾರ, ತರುವಾಯ ವ್ಯಾಪಾರ

ಈ ನೀತಿಯು ಜಾಲತಾಣಕ್ಕಿಂತ ಬಹು ಹಳೆಯದು. ಫ್ರಾನ್ಸ ದೇಶದಲ್ಲಿ ಮಿಶೆಲಿನ್ ಎಂಬ ಸೋದರರು ಮೋಟಾರಿನ ಟಾಯರುಗಳನ್ನು ತಯಾರಿಸುತ್ತಿದ್ದರು. ೧೯೦೦ನೆಯ ಇಸವಿಯಲ್ಲಿ ಆ ದೇಶದಲ್ಲಿದ್ದ ಮೋಟಾರುಗಳು ಕೆಲವೇ ಸಾವಿರ. ಸೋದರರು ಟಾಯರುಗಳ ಗುಣಗಾನ ಮಾಡುತ್ತ ಕೂಡ್ರಲಿಲ್ಲ. ಟಾಯರು ಬದಲಿಸುವ ರೀತಿ, ಎಣ್ಣೆ ದೊರೆಯುವ ಸ್ಥಳ, ದುರಸ್ತಿಯ ಅಂಗಡಿ, ಇಳಿದುಕೊಳ್ಳುವ ವಸತಿಗೃಹ, ಊರುಗಳ ನಕಾಶೆ ಇವೆಲ್ಲವನ್ನೂ ಕೂಡಿಸಿ ಒಂದು ಕೈಪಿಡಿ ಅಚ್ಚುಹಾಕಿ ಪುಕ್ಕಟೆಯಾಗಿ ಹಂಚಿದರು. ಜನರು ಧೈರ್ಯದಿಂದ ದೂರ ಪ್ರಯಾಣ ಮಾಡಿದರೆ ಟಾಯರು ಸವೆಯುವದು, ಸವೆದರೆ ಮಾರಾಟವಾಗುವದು ಎಂಬದು ಅವರ ಲೆಕ್ಕ. ಆ ಕೈಪಿಡಿಯ ಮೇಲೆ ಜನರ ವಿಶ್ವಾಸ ಎಷ್ಟು ಬೆಳೆಯಿತೆಂದರೆ, ೧೯೨೦ರಲ್ಲಿ ಅದಕ್ಕೆ ಬೆಲೆ ಇಟ್ಟರೂ ಜನರು ಕೊಂಡು ಓದಿದರು.

ನಮ್ಮ ಕನ್ನಡದಲ್ಲಿಯೂ ಒಳ್ಳೆಯ ಉದಾಹರಣೆ ಇದೆ. ೧೯೮೮ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ಯು ಹುಟ್ಟಿತು. ಗಡಿನಾಡು ಕಾಸರಗೋಡಿನವರಾದ ಶ್ರೀ ಪಡ್ರೆಯವರು ಅದರ ಸಂಪಾದನೆಯಲ್ಲಿ ಮುಂದಾಳುಗಳಾದರು. ಕೃಷಿಕನ ಕೈಯಲ್ಲಿಯೇ ಲೇಖನಿಯನ್ನು ಕೊಡಬೇಕೆಂಬದು ಆ ಪತ್ರಿಕೆಯ ಧೋರಣೆ. ತೋಟದಲ್ಲಿ ಮಾಡಿ ನೋಡಿದವನೇ ಮಾಡಿದ ಬಗೆಯನ್ನು ಬರೆಯುವದರಿಂದ ಓದುವ ಕೃಷಿಕನಿಗೆ ಅದು ಕೂಡಲೆ ಉಪಯೋಗಕ್ಕೆ ಬಂದಿತು. ಇದು ದಲಾಲಿಯ ಉದಾಹರಣೆಯಲ್ಲ. ಆದರೆ ಉಪಯುಕ್ತ ಬರಹದ ಮೊದಲ ಲಕ್ಷಣವಾದ ಸ್ವಾನುಭವವನ್ನು ಇಲ್ಲಿಂದ ಕಲಿಯಬಹುದು.

ಒಂದು ಮಾದರಿ: ಸೊಲ್ಲಾಪುರದ ಟವೆಲ್ಲು ಮತ್ತು ಚಾದರ

ಈಗ ಪಾಠವನ್ನು ಪ್ರಯೋಗಕ್ಕೆ ತರೋಣ. ವಿದ್ಯಾರ್ಥಿ ಮಿತ್ರರೇ, ನೀವು ಸೊಲ್ಲಾಪುರದ ಟೆರ್ರಿ ಟವೆಲ್ಲಿನ ಬಗ್ಗೆ ಬರೆಯಲು ಕುಳಿತಿದ್ದೀರಿ ಎಂದು ಭಾವಿಸಿರಿ. “ಇದು ಅತ್ಯುತ್ತಮವಾದ, ಮೃದುವಾದ, ಮನಮೋಹಕವಾದ ಟವೆಲ್ಲು” ಎಂದು ಬರೆದರೆ ವಾಚಕನಿಗೆ ಏನೂ ತಿಳಿದಂತಾಗಲಿಲ್ಲ. ಈ ಮಾತನ್ನು ಯಾವ ಟವೆಲ್ಲಿಗೂ ಅಂಟಿಸಬಹುದು. ಅದರ ಬದಲು ಅಳೆದು ಹೇಳಿರಿ.

ಟವೆಲ್ಲಿನ ದಪ್ಪವನ್ನು ವ್ಯಾಪಾರಿಗಳು ‘ಜಿಎಸ್‌ಎಂ’ ಎಂಬ ಮಾನದಿಂದ ಎಣಿಸುತ್ತಾರೆ. ಒಂದು ಚದರ ಮೀಟರು ಬಟ್ಟೆಯು ಎಷ್ಟು ಗ್ರಾಂ ತೂಗುತ್ತದೆಂಬದೇ ಅದರ ಅರ್ಥ. ೭೫ ಸೆಂಟಿಮೀಟರು ಅಗಲ, ೧೫೦ ಸೆಂಟಿಮೀಟರು ಉದ್ದದ ಟವೆಲ್ಲೊಂದು ೪೫೦ ಗ್ರಾಂ ತೂಗುತ್ತದೆ ಎಂದುಕೊಳ್ಳಿರಿ. ೦.೭೫ನ್ನು ೧.೫ರಿಂದ ಗುಣಿಸಿದರೆ ಅದರ ಕ್ಷೇತ್ರಫಲ ೧.೧೨೫ ಚದರ ಮೀಟರು. ೪೫೦ನ್ನು ೧.೧೨೫ರಿಂದ ಭಾಗಿಸಿದರೆ ೪೦೦ ಬರುತ್ತದೆ. ಇದು ಮಧ್ಯಮ ದಪ್ಪದ್ದು. ಇನ್ನೊಂದು ಟವೆಲ್ಲು ೬೦ ಸೆಂಟಿಮೀಟರು ಅಗಲ, ೧೨೦ ಸೆಂಟಿಮೀಟರು ಉದ್ದ. ತೂಕ ೩೬೦ ಗ್ರಾಂ. ಕೈಯಲ್ಲಿ ಹಿಡಿದರೆ ಮೊದಲನೆಯದೇ ಭಾರ. ಆದರೆ ಎರಡನೆಯದರ ಕ್ಷೇತ್ರಫಲ ಕೇವಲ ೦.೭೨ ಚದರ ಮೀಟರು. ಭಾಗಿಸಿದರೆ ೫೦೦ ಬರುತ್ತದೆ. ಹಗುರವೆಂದು ತೋರಿದ ಚಿಕ್ಕ ಟವೆಲ್ಲೇ ನಿಜವಾಗಿ ದಟ್ಟವಾದದ್ದು! ಐದನೆಯ ಇಯತ್ತೆಯ ಗಣಿತವು ಇಲ್ಲಿ ಗಿರಾಕಿಯ ಕಣ್ಣು ತೆರೆಸಿತು.

ಇಷ್ಟಕ್ಕೇ ನಿಲ್ಲಬಾರದು. ದಟ್ಟವಾದದ್ದು ಹೆಚ್ಚು ನೀರು ಹೀರಿದರೂ ಒಣಗಲಿಕ್ಕೆ ಹೆಚ್ಚು ಹೊತ್ತು ಬೇಕು. ಮಳೆಗಾಲದಲ್ಲಿ ವಸತಿಗೃಹದ ಒಂದೇ ಹಗ್ಗದ ಮೇಲೆ ಬಟ್ಟೆ ಒಣಗಿಸುವ ವಿದ್ಯಾರ್ಥಿಗೆ ತೆಳುವಾದದ್ದೇ ಅನುಕೂಲ. ಹೊಸ ಟವೆಲ್ಲನ್ನು ಒಮ್ಮೆ ಒಗೆದು ಬಳಸಿದರೆ ಚೆನ್ನಾಗಿ ಹೀರುತ್ತದೆ. ಬಟ್ಟೆಯನ್ನು ಮೆತ್ತಗೆ ಮಾಡುವ ದ್ರವಗಳನ್ನು ಪದೇಪದೇ ಬಳಸಿದರೆ ಹೀರುವ ಗುಣ ಕುಂದುತ್ತದೆ. ಇಂಥ ಮಾತುಗಳನ್ನು ಓದಿದ ತಾಯಿಯೊಬ್ಬಳು ಆ ದಿನ ಟವೆಲ್ಲು ಕೊಳ್ಳದಿದ್ದರೂ ಬರೆದವನ ಹೆಸರನ್ನು ಮರೆಯುವದಿಲ್ಲ.

ಚಾದರದ ವಿಷಯಕ್ಕೂ ಹೀಗೆಯೇ. ಸೊಲ್ಲಾಪುರದ ಚಾದರವು ದಪ್ಪ ಹತ್ತಿಯ ನೂಲಿನದು. ಅದರ ಚಿತ್ರಗಳು ಮೇಲೆ ಅಚ್ಚೊತ್ತಿದವಲ್ಲ, ಜಕಾರ್ಡ್ ಮಗ್ಗದಲ್ಲಿ ನೂಲಿನಿಂದಲೇ ಮೂಡಿದವು. ಆದ್ದರಿಂದ ಹಿಂಬದಿಯನ್ನು ತಿರುವಿ ನೋಡಿದರೆ ಸಾಮಾನ್ಯವಾಗಿ ಅದೇ ಚಿತ್ರವು ಬಣ್ಣ ಅದಲುಬದಲಾಗಿ ಕಾಣುತ್ತದೆ. ಅಚ್ಚಿನ ಬಟ್ಟೆಯಾದರೆ ಹಿಂಬದಿಯು ಮಸಕಾಗಿರುತ್ತದೆ. ನೂಲು ಹತ್ತಿಯದೇ ಎಂಬ ಸಂಶಯ ಬಂದರೆ, ಹಿರಿಯರ ಸಮಕ್ಷಮದಲ್ಲಿ ಅಂಚಿನ ಒಂದೆಳೆಯನ್ನು ಸುಟ್ಟು ನೋಡಬಹುದು. ಹತ್ತಿಯು ಕಾಗದದ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿಯಾದ ಮಣಿಯಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿಯನ್ನು ವಾಚಕನಿಗೆ ತಿಳಿಸಬೇಕು. ಸೊಲ್ಲಾಪುರ ಚಾದರಕ್ಕೂ ಸೊಲ್ಲಾಪುರ ಟೆರ್ರಿ ಟವೆಲ್ಲಿಗೂ ೨೦೦೫-೦೬ರಲ್ಲಿ ‘ಭೌಗೋಳಿಕ ಸೂಚಿ’ಯ ಮಾನ್ಯತೆ ದೊರೆತಿದೆ. ೧೯೯೯ರ ಕಾಯದೆಯ ಮೇರೆಗೆ, ಬೇರೆಡೆಗೆ ನೇಯ್ದ ಬಟ್ಟೆಗೆ ಈ ಹೆಸರು ಹಚ್ಚಿ ಮಾರುವದು ತಪ್ಪು. ಹೆಸರನ್ನು ನಂಬಿ ಕೊಳ್ಳುವ ದೂರದ ಗಿರಾಕಿಗೆ ನಿಜವಾದದ್ದನ್ನು ಗುರುತಿಸಲು ಕಲಿಸಿದರೆ, ಅವನಿಗೆ ಉಪಕಾರವಾಗುವದಲ್ಲದೆ ಇಲ್ಲಿಯ ಮಗ್ಗದ ಮುಂದೆ ನಿಂತ ಕೆಲಸಗಾರನ ಕೂಲಿಯೂ ಉಳಿಯುತ್ತದೆ. ನಕಲಿ ಮಾಲು ಒಂದು ಮಾರಾಟವಾದಾಗ ಅಸಲಿಯದೊಂದು ಗಂಟಿನಲ್ಲಿಯೇ ಉಳಿಯುತ್ತದೆಂಬದನ್ನು ನಮ್ಮ ಮನೆಗಳ ಹಿರಿಯರಿಗೆ ಬೇರೆ ಹೇಳಬೇಕಾಗಿಲ್ಲ.

ದೋಷ ಹೇಳಿದರೆ ಮಾರಾಟ ಕುಂದುವದೇ?

ಇಲ್ಲಿ ಒಂದು ಸಂಶಯ ಏಳುವದು ಸಹಜ. ಒಣಗಲು ತಡವಾಗುತ್ತದೆ, ಇಂಥವರಿಗೆ ಇದು ತಕ್ಕುದಲ್ಲ ಎಂದೆಲ್ಲ ಬರೆದರೆ ಕೊಳ್ಳುವವನೂ ಓಡಿಹೋಗನೇ? ಲೆಕ್ಕ ಹಾಕಿ ನೋಡೋಣ. ಇದು ತಿಳಿವಳಿಕೆಗಾಗಿ ಕಲ್ಪಿಸಿದ ಲೆಕ್ಕ.

೬೦೦ ರೂಪಾಯಿಯ ಟವೆಲ್ಲುಗಳ ಜೊತೆಗೆ ನೂರಕ್ಕೆ ೫ರಂತೆ ದಲಾಲಿ ೩೦ ರೂಪಾಯಿ. ಮೊದಲನೆಯ ಬರಹಗಾರನು ಬರಿಯ ಹೊಗಳಿಕೆಯಿಂದ ೧೦ ಜೊತೆ ಮಾರಿದನು. ಅಂದುಕೊಂಡಂತೆ ಇಲ್ಲವೆಂದು ೬ ಜೊತೆ ಮರಳಿ ಬಂದವು. ಮಾಲು ಮರಳಿದರೆ ದಲಾಲಿಯೂ ರದ್ದಾಗುವದು ಈ ವ್ಯಾಪಾರದ ಸಾಮಾನ್ಯ ನಿಯಮ. ಅವನಿಗೆ ಉಳಿದದ್ದು ೪ ಜೊತೆಯ ೧೨೦ ರೂಪಾಯಿ. ಎರಡನೆಯವನು ಗುಣದೋಷಗಳೆರಡನ್ನೂ ಬರೆದು ೭ ಜೊತೆ ಮಾರಿದನು. ತಿಳಿದು ಕೊಂಡವರಾದ್ದರಿಂದ ಮರಳಿದ್ದು ಒಂದೇ ಜೊತೆ. ಅವನಿಗೆ ದೊರೆತದ್ದು ೬ ಜೊತೆಯ ೧೮೦ ರೂಪಾಯಿ. ಅಲ್ಲದೆ ಮೊದಲನೆಯವನ ಆರು ಗಿರಾಕಿಗಳು ಮತ್ತೆ ಅವನ ಕಡೆಗೆ ತಿರುಗಿ ನೋಡುವದಿಲ್ಲ. ಎರಡನೆಯವನ ಆರು ಗಿರಾಕಿಗಳು ನೆರೆಹೊರೆಯವರಿಗೂ ಅವನ ಹೆಸರು ಹೇಳುತ್ತಾರೆ.

ವಾಚಕರನ್ನು ಜಾಲತಾಣಕ್ಕೆ ತಂದುಬಿಡುವ ಶೋಧಯಂತ್ರಗಳೂ ಈಗ ಇದನ್ನೇ ಹುಡುಕುತ್ತಿವೆ. ಜನರ ಉಪಯೋಗಕ್ಕಾಗಿ ಬರೆದದ್ದನ್ನು ಮುಂದಕ್ಕೆ ತಂದು, ಯಂತ್ರವನ್ನು ಮರುಳುಮಾಡಲು ಬರೆದದ್ದನ್ನು ಹಿಂದಕ್ಕೆ ಸರಿಸುವ ಏರ್ಪಾಡನ್ನು ಗೂಗಲ್ ಸಂಸ್ಥೆಯು ೨೦೨೨ರ ಆಗಸ್ಟ್ ತಿಂಗಳಲ್ಲಿ ಜಾರಿಗೆ ತಂದಿತು. ೨೦೨೪ರ ಮಾರ್ಚದಲ್ಲಿ ಅದನ್ನು ತನ್ನ ಮುಖ್ಯ ವ್ಯವಸ್ಥೆಯಲ್ಲಿಯೇ ಕೂಡಿಸಿಕೊಂಡಿತು. ವಸ್ತುವನ್ನು ಕೈಯಾರೆ ಬಳಸಿ ನೋಡಿದ್ದಕ್ಕೆ ಪುರಾವೆ, ಸ್ವಂತ ಛಾಯಾಚಿತ್ರ, ಅಳತೆ, ಗುಣಗಳೊಡನೆ ದೋಷಗಳು ಇರಬೇಕೆಂದು ಅದರ ಸೂಚನೆಗಳು ಹೇಳುತ್ತವೆ. ಕೃತ್ರಿಮ ಬುದ್ಧಿಯ ಯಂತ್ರದಿಂದ ರಾಶಿರಾಶಿಯಾಗಿ ಲೇಖನ ಹೊರಡಿಸುವದು ಇಂದು ಸುಲಭವಾಗಿದೆ. ಆದರೆ ಯಂತ್ರವು ಟವೆಲ್ಲನ್ನು ಒಗೆದು ಹಗ್ಗಕ್ಕೆ ಹಾಕಿ ನೋಡಿಲ್ಲ. ನೋಡಿದವನು ನೀನು, ಬೆಲೆಯಿರುವದು ನಿನ್ನ ನೋಟಕ್ಕೆ.

ಬಟ್ಟೆಯ ಮರೆಯೂ ಬಹಿರಂಗವೂ

ಹಿಂದಿನ ಕಾಲದ ಪೇಟೆಗಳಲ್ಲಿ ಒಂದು ಪದ್ಧತಿ ಇತ್ತು. ದಲಾಲನೂ ಖರೀದಿದಾರನೂ ಒಂದು ವಸ್ತ್ರದ ಕೆಳಗೆ ಕೈಸೇರಿಸಿ ಬೆರಳುಗಳ ಸನ್ನೆಯಿಂದ ಧಾರಣೆ ನಿಶ್ಚಯಿಸುತ್ತಿದ್ದರು. ಎದುರಿಗೇ ನಿಂತ ರೈತನಿಗೆ ತನ್ನ ಮಾಲು ಎಷ್ಟಕ್ಕೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಕೃಷಿಯ ಬಗ್ಗೆ ನೇಮಿಸಿದ್ದ ರಾಯಲ್ ಕಮಿಶನ್ನು ೧೯೨೮ರಲ್ಲಿ ನಿಯಂತ್ರಿತ ಪೇಟೆಗಳು ಬೇಕೆಂದು ಹೇಳಿತು. ಸೊಲ್ಲಾಪುರವು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ೧೯೩೯ರಲ್ಲಿ ಅದಕ್ಕೆ ಕಾಯದೆಯಾಯಿತು. ನಿಯಂತ್ರಿತ ಪೇಟೆಗಳಲ್ಲಿ ವಸ್ತ್ರದ ಮರೆಯು ಹೋಗಿ ಬಹಿರಂಗ ಲಿಲಾವು ಬಂದಿತು. ದಲಾಲಿಯು ಆಗಲೂ ಉಳಿಯಿತು; ಅದರ ಗುಟ್ಟಿಗೆ ಮಾತ್ರ ಎಡೆಯಿಲ್ಲದಾಯಿತು.

ಜಾಲತಾಣದಲ್ಲಿಯೂ ಹೀಗೆಯೇ ಆಗಬೇಕು. ಬರೆದವನಿಗೆ ಈ ಮಾರಾಟದಿಂದ ಹಣ ಬರುತ್ತದೆಂಬದನ್ನು ಮುಚ್ಚಿಟ್ಟು, ನಿಷ್ಪಕ್ಷಪಾತಿಯಂತೆ ಸಲಹೆ ಕೊಡುವದು ವಸ್ತ್ರದ ಕೆಳಗಿನ ವ್ಯಾಪಾರವೇ ಸರಿ. ೨೦೧೯ರ ಗ್ರಾಹಕ ಸಂರಕ್ಷಣ ಕಾಯದೆಯ ಕೆಳಗೆ ೨೦೨೨ರ ಜೂನ್ ೯ರಂದು ಹೊರಟ ಮಾರ್ಗದರ್ಶಿ ಸೂತ್ರಗಳು, ಶಿಫಾರಸು ಮಾಡುವವನಿಗೂ ಮಾರುವವನಿಗೂ ಇರುವ ಸಂಬಂಧವನ್ನು ಪೂರ್ಣವಾಗಿ ತಿಳಿಸಬೇಕೆಂದು ವಿಧಿಸುತ್ತವೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದಕ್ಕೆ ಸೇರಿಸುವ ಷರತ್ತಿನ ವಿವರಣೆಯೂ ಅದೇ ಭಾಷೆಯಲ್ಲಿರಬೇಕೆಂದೂ ಅವು ಹೇಳುತ್ತವೆ. ಕನ್ನಡದಲ್ಲಿ ಹೊಗಳಿ, ಒಪ್ಪಿಗೆಯ ಮಾತನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಅಡಗಿಸುವದು ನ್ಯಾಯವಲ್ಲ. ದಾರಿತಪ್ಪಿಸುವ ಜಾಹೀರಾತಿಗೆ ಈ ಕಾಯದೆಯಲ್ಲಿ ೧೦ ಲಕ್ಷ ರೂಪಾಯಿಯವರೆಗೂ, ಮತ್ತೆ ಅದೇ ತಪ್ಪು ನಡೆದರೆ ೫೦ ಲಕ್ಷದವರೆಗೂ ದಂಡವಿದೆ.

ಒಪ್ಪಿಗೆಯ ಮಾತು ಕಠಿಣವಾಗಿರಬೇಕಾಗಿಲ್ಲ. “ಈ ಕೊಂಡಿಯ ಮೂಲಕ ನೀವು ಕೊಂಡರೆ ನನಗೆ ಸ್ವಲ್ಪ ದಲಾಲಿ ದೊರೆಯುತ್ತದೆ, ನಿಮಗೆ ಬೆಲೆ ಹೆಚ್ಚಾಗುವದಿಲ್ಲ” ಎಂಬ ಒಂದು ಸಾಲನ್ನು ಲೇಖನದ ಆರಂಭದಲ್ಲಿಯೇ ಬರೆದರೆ ಸಾಕು. ಬೆಲೆಯ ಮಾತು ನಿಜವಾಗಿದ್ದರೆ ಮಾತ್ರ ಅದನ್ನು ಬರೆಯಬೇಕು. ಇದನ್ನು ಓದಿದ ವಾಚಕನು ಕೋಪಗೊಳ್ಳುವದಿಲ್ಲ. ಗುಟ್ಟನ್ನು ತಾನೇ ಹೇಳಿಕೊಂಡವನು ಉಳಿದದ್ದನ್ನೂ ನಿಜವಾಗಿ ಹೇಳಿದ್ದಾನೆಂದು ಅವನು ತಿಳಿಯುತ್ತಾನೆ.

ಪಾಲಕರಿಗೆ ಎರಡು ಮಾತು

೧೮ ವರ್ಷ ತುಂಬದವರು ಮಾಡಿಕೊಂಡ ಕರಾರು ನಮ್ಮ ದೇಶದ ಕಾಯದೆಯಲ್ಲಿ ನಿಲ್ಲುವದಿಲ್ಲ. ಆದ್ದರಿಂದ ಸಾಲೆಯ ಮಕ್ಕಳು ಬರೆಯುವದನ್ನು ಕಲಿಯಲಿ. ಕಂಪನಿಯೊಡನೆ ಕರಾರು, ಬ್ಯಾಂಕಿನ ಲೆಕ್ಕ, ತೆರಿಗೆಯ ವಿಷಯಗಳನ್ನು ಹಿರಿಯರೇ ನೋಡಿಕೊಳ್ಳಬೇಕು.

ಎರಡನೆಯದಾಗಿ, ನಿಜವಾದ ದಲಾಲಿಯ ಯೋಜನೆಗೆ ಸೇರಲು ಹಣ ಕಟ್ಟಬೇಕಾಗಿರುವದಿಲ್ಲ. “ಮೊದಲು ಇಷ್ಟು ಸಾವಿರ ತುಂಬಿರಿ, ಅನಂತರ ಇನ್ನಷ್ಟು ಜನರನ್ನು ಕರೆತನ್ನಿರಿ” ಎನ್ನುವವನು ಮಾಲು ಮಾರುವವನಲ್ಲ, ಮನುಷ್ಯರನ್ನೇ ಮಾರುವವನು. ಇಂಥ ಗೋಪುರದ ಯೋಜನೆಗಳನ್ನು ೨೦೨೧ರ ನೇರ ಮಾರಾಟದ ನಿಯಮಗಳು ನಿಷೇಧಿಸಿವೆ. ಅಲ್ಲದೆ ಈ ಕೆಲಸದಲ್ಲಿ ಮೊದಲ ತಿಂಗಳಿಗೇ ಸಂಬಳ ಬರುವದಿಲ್ಲ. ಗಿಡ ನೆಟ್ಟವನಂತೆ ತಾಳ್ಮೆ ಬೇಕು. ಇರುವ ದುಡಿಮೆಯನ್ನು ಬಿಟ್ಟು ಇದನ್ನು ಹಿಡಿಯುವದು ಜಾಣತನವಲ್ಲ.

ಸೊಲ್ಲಾಪುರವು ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರ ಊರು. ಅವರು ಕೆರೆ ಕಟ್ಟಿಸಿದ್ದು ಬಂದವರು ನೀರು ಕುಡಿಯಲೆಂದು. ಕೆರೆಯಿದ್ದ ಕಡೆಗೆ ಜನ ಬಂದರು, ಜನ ಬಂದ ಕಡೆಗೆ ಸಂತೆಯೂ ನೆರೆಯಿತು. ಬರಹದ ವ್ಯವಸಾಯದಲ್ಲಿಯೂ ಈ ಅನುಕ್ರಮವನ್ನು ತಪ್ಪಿಸಬಾರದು: ಮೊದಲು ನೀರು, ಆಮೇಲೆ ಸಂತೆ.

ಅಭ್ಯಾಸ

೧. ನಿಮ್ಮ ಮನೆಯ ಟವೆಲ್ಲೊಂದರ ಉದ್ದ, ಅಗಲ, ತೂಕಗಳನ್ನು ಅಳೆದು ಅದರ ಜಿಎಸ್‌ಎಂ ಕಂಡುಹಿಡಿಯಿರಿ.

೨. ಅದೇ ಟವೆಲ್ಲಿನ ಬಗ್ಗೆ ಹತ್ತು ಸಾಲು ಬರೆಯಿರಿ. ‘ಅತ್ಯುತ್ತಮ’, ‘ಅದ್ಭುತ’, ‘ಮನಮೋಹಕ’ ಎಂಬ ಶಬ್ದಗಳನ್ನು ಬಳಸಕೂಡದು. ಒಂದು ದೋಷವನ್ನು ಅವಶ್ಯ ಹೇಳಿರಿ.

೩. ಮಗ್ಗದಲ್ಲಿಯೋ ಹೊಲಿಗೆಯಲ್ಲಿಯೋ ದುಡಿದ ಹಿರಿಯರೊಬ್ಬರನ್ನು ಕಂಡು, ಒಳ್ಳೆಯ ಚಾದರವನ್ನು ಅವರು ಹೇಗೆ ಗುರುತಿಸುತ್ತಾರೆಂದು ಕೇಳಿ ಬರೆದುಕೊಳ್ಳಿರಿ. ಬರೆದದ್ದನ್ನು ಅವರಿಗೇ ಓದಿ ತೋರಿಸಿರಿ. ಅವರು ತಲೆದೂಗಿದರೆ ನಿಮ್ಮ ಬರಹವು ಉಪಯುಕ್ತವೆಂದು ತಿಳಿಯಿರಿ.